ಗುತ್ತಿಗೆಯ ಶಿಕ್ಷಕಿಗೆ ಹೆರಿಗೆ ರಜೆ ಇಲ್ಲವೇ?

ಪ್ರಶ್ನೆ: ಬದಿಯಡ್ಕ ಸಮೀಪದ ಅನುದಾನರಹಿತ ಖಾಸಗಿ ಶಾಲೆಯೊಂದರಲ್ಲಿ ಎರಡು ವರ್ಷಗಳಿಂದ ಕನ್ನಡ ಶಿಕ್ಷಕಿಯಾಗಿದ್ದೇನೆ. ಫೆಬ್ರವರಿಯಲ್ಲಿ ನನ್ನ ಚೊಚ್ಚಲ ಹೆರಿಗೆ. ಮಾರ್ಚ್ 31ಕ್ಕೆ ಗುತ್ತಿಗೆ ಮುಗಿಯುವುದರಿಂದ ಸಂಬಳಸಹಿತ ರಜೆ ಸಿಗದು, ರಾಜೀನಾಮೆ ಬರೆದುಕೊಡಿ ಎನ್ನುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ಕಾಸರಗೋಡು ಜಿಲ್ಲೆ

ಉತ್ತರ: ತಂಗೀ, ದಯವಿಟ್ಟು ರಾಜೀನಾಮೆ ಬರೆದುಕೊಡಬೇಡಿ. ಆ ಒಂದು ಹಾಳೆಗೆ ನೀವು ಸಹಿ ಹಾಕಿದರೆ, ಕಾನೂನು ಕೊಟ್ಟಿರುವ ಹಕ್ಕನ್ನು ನೀವೇ ಬಿಟ್ಟುಕೊಟ್ಟಂತೆ ಅವರು ವಾದಿಸಬಹುದು.

1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಂತೆ ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳಸಹಿತ ರಜೆಯಿದ್ದು, ಅದರಲ್ಲಿ 8 ವಾರಗಳವರೆಗೆ ಹೆರಿಗೆಗೆ ಮೊದಲೇ ಪಡೆಯಬಹುದು. ಆ ಕಾಯ್ದೆಯ ಬದಲಿಗೆ ಬಂದಿರುವ ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ಅವಧಿ ಹಾಗೆಯೇ ಇದೆ. ಹೆರಿಗೆಯ ನಿರೀಕ್ಷಿತ ದಿನದ ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿದ್ದರೆ ಸಾಕು. ಅನುದಾನರಹಿತ ಶಾಲೆಗಳನ್ನೂ ಕೇರಳ ಸರ್ಕಾರ 2020ರಲ್ಲಿ ಈ ಕಾಯ್ದೆಯ ವ್ಯಾಪ್ತಿಗೆ ತಂದಿದೆ. ಇದು ನಮ್ಮ ಗಡಿನಾಡಿನ ಎಷ್ಟೋ ಶಿಕ್ಷಕಿಯರಿಗೆ ಇಂದಿಗೂ ತಿಳಿದಿಲ್ಲವೆಂಬುದು ನನಗೆ ಬಹಳ ನೋವಿನ ಸಂಗತಿ.

ಗುತ್ತಿಗೆಯ ಮಾತಿಗೂ ಉತ್ತರವಿದೆ: ಗುತ್ತಿಗೆಯ ಅವಧಿ ಮುಗಿದರೂ ಹೆರಿಗೆ ಸೌಲಭ್ಯ ಪೂರ್ತಿಯಾಗಿ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ತೀರ್ಪಿತ್ತಿದೆ.

ಮೊದಲು ವೈದ್ಯರ ಪ್ರಮಾಣಪತ್ರದೊಂದಿಗೆ ರಜೆಯ ಅರ್ಜಿಯನ್ನು ಬರವಣಿಗೆಯಲ್ಲಿ ಸಲ್ಲಿಸಿ, ಪ್ರತಿಯ ಮೇಲೆ ದಿನಾಂಕ, ಮೊಹರು ಹಾಕಿಸಿಕೊಳ್ಳಿ. ಸ್ವೀಕರಿಸದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ ರಶೀದಿ ಇಟ್ಟುಕೊಳ್ಳಿ. ನೇಮಕಾತಿ ಪತ್ರ, ಹಾಜರಿ ಪುಸ್ತಕದ ಪುಟಗಳ ಪ್ರತಿ, ಸಂಬಳ ಜಮೆಯಾದ ಪಾಸ್‌ಬುಕ್ ಕೈಯಲ್ಲಿರಲಿ. ಅವರು ಮತ್ತೂ ನಿರಾಕರಿಸಿದರೆ ಇವುಗಳೊಂದಿಗೆ ಜಿಲ್ಲಾ ಕಾರ್ಮಿಕ ಅಧಿಕಾರಿಗೆ ದೂರು ಕೊಡಿ.