ಸಂಡೂರಿನ ಶಿವವಿಲಾಸ ಅರಮನೆಯನ್ನು ಒಳಗೆ ಹೋಗಿ ನೋಡಬಹುದೇ?

ನೋಡಬಹುದು, ಆದರೆ ಮ್ಯೂಸಿಯಂ ಥರ ಟಿಕೆಟ್ ತಗೊಂಡು ಒಳಗೆ ನುಗ್ಗುವ ಜಾಗ ಅಲ್ಲ. ಘೋರ್ಪಡೆ ರಾಜಮನೆತನದ ಈ ಅರಮನೆ ಪಾರಂಪರಿಕ ಹೋಟೆಲ್ ಆಗಿದೆ. ಮೊದಲೇ ಫೋನ್ ಮಾಡಿ ಕೇಳಿಕೊಂಡು ಹೋಗಿ. ಒಂದು ರಾತ್ರಿ ಉಳಿಯಲು ಸಾಧ್ಯವಾದರೆ ಇನ್ನೂ ಒಳ್ಳೆಯದು.

ಬರೀ ಕಟ್ಟಡ ನೋಡಿ ಬಂದುಬಿಡಬೇಡಿ, ಇದರ ಹಿಂದಿನ ಕಥೆಯನ್ನೂ ತಿಳಿದುಕೊಳ್ಳಿ. ಬ್ರಿಟಿಷರ ಕಾಲದಲ್ಲಿ ಸುತ್ತಲೂ ಮದ್ರಾಸ್ ಪ್ರಾಂತ್ಯ, ನಡುವೆ ಸಂಡೂರು ಎಂಬ ಈ ಪುಟ್ಟ ಸಂಸ್ಥಾನ. ರಾಜ ಯಶವಂತರಾವ್ ಘೋರ್ಪಡೆಯವರು 1932ರಲ್ಲೇ ಇಲ್ಲಿನ ದೇವಸ್ಥಾನಗಳ ಬಾಗಿಲನ್ನು ಹರಿಜನರಿಗೆ ತೆರೆದರು. ದೊಡ್ಡ ದೊಡ್ಡ ಸಂಸ್ಥಾನಗಳು ಹಿಂದೆಮುಂದೆ ನೋಡುತ್ತಿದ್ದ ಕಾಲ ಅದು. ನನ್ನ ಮಟ್ಟಿಗೆ ಈ ಮನೆತನದ ನಿಜವಾದ ಹಿರಿಮೆ ಇದೇ, ಅರಮನೆಯ ವೈಭವ ಆಮೇಲಿನ ಮಾತು. 1934ರಲ್ಲಿ ಗಾಂಧೀಜಿ ಸಂಡೂರಿಗೆ ಬಂದಿದ್ದರು. 1949ರಲ್ಲಿ ಸಂಸ್ಥಾನ ಬಳ್ಳಾರಿ ಜಿಲ್ಲೆಗೆ ಸೇರಿತು.

ಹೋಗುವುದಾದರೆ ಮಳೆಗಾಲದ ಕೊನೆಗೆ ಹೋಗಿ. "ಸಂಡೂರನ್ನು ಸೆಪ್ಟೆಂಬರ್‌ನಲ್ಲಿ ನೋಡಿ" ಅಂತ ಗಾಂಧೀಜಿ ಹೇಳಿದ್ದರೆಂದು ಇಲ್ಲಿಯವರು ಇವತ್ತಿಗೂ ನೆನೆಯುತ್ತಾರೆ. ಬೇಸಿಗೆಯಲ್ಲಿ ಅದಿರು ಲಾರಿಗಳ ದಾರಿಯಲ್ಲಿ ಬೇವಿನ ಎಲೆಯನ್ನು ಮುಟ್ಟಿದರೆ ಬೆರಳಿಗೆ ಕೆಂಪು ಧೂಳು ಮೆತ್ತುತ್ತದೆ. ನಾಲ್ಕು ಮಳೆ ಬಿದ್ದ ಮೇಲೆ ಅದೇ ಎಲೆ ತೊಳೆದಿಟ್ಟ ಹಾಗೆ ಹೊಳೆಯುತ್ತದೆ, ಗುಡ್ಡಗಳೆಲ್ಲ ಹಸಿರು. ಆಗ ಅರಮನೆಯ ಹುಲ್ಲುಹಾಸಿನ ಮೇಲೆ ನಿಂತು ಬೆಟ್ಟದ ಸಾಲು ನೋಡುವುದೇ ಸೊಗಸು.

ಹೊಸಪೇಟೆಯಿಂದ ಸುಮಾರು 30 ಕಿ.ಮೀ., ಬಸ್ಸುಗಳಿವೆ. ಬೆಟ್ಟದ ಮೇಲಿನ ಕುಮಾರಸ್ವಾಮಿ ಗುಡಿಗೂ ಹೋಗಿ ಬನ್ನಿ. ಸಂಡೂರು ಕುಶಲ ಕಲಾ ಕೇಂದ್ರದಲ್ಲಿ ಲಂಬಾಣಿ ಹೆಣ್ಣುಮಕ್ಕಳ ಕಸೂತಿ ಸಿಗುತ್ತದೆ. ಅದಕ್ಕೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಇದೆ.