ರಾಲ್ ಪಾರ್ಥ ಗೊಂಬೆ: ಸೀಸವೋ ತವರವೋ?

ಹಳೇ ಪೆಟ್ಟಿಗೆಯಲ್ಲಿ ಸಿಕ್ಕ ಲೋಹದ ಪುಟ್ಟ ಯೋಧ, ತಳದಲ್ಲಿ ರಾಲ್ ಪಾರ್ಥ ಹೆಸರು, 1979 ಅಂತ ಇಸವಿ. ಇದರಲ್ಲಿ ಸೀಸ ಇದೆಯಾ, ಕಂಪನಿ ಇನ್ನೂ ಇದೆಯಾ ಅಂತ ಕೇಳಿದ್ದೀರಿ.

ಒಳ್ಳೇ ವಸ್ತುವೇ ಸಿಕ್ಕಿದೆ. ಆಟಗಳಿಗೆ ಲೋಹದ ಪುಟ್ಟ ಗೊಂಬೆ ಮಾಡುತ್ತಿದ್ದ ರಾಲ್ ಪಾರ್ಥ ಕಂಪನಿ ಶುರುವಾಗಿದ್ದು 1975ರಲ್ಲಿ, ಅಮೆರಿಕದ ಸಿನ್ಸಿನಾಟಿಯಲ್ಲಿ. ಶಿಲ್ಪಿ ಟಾಮ್ ಮೈಯರ್‌ಗೆ ಆಗ ಬರೀ 16 ವರ್ಷ! 25 ಮಿಲಿಮೀಟರ್ ಅಳತೆಯ ಗೊಂಬೆಯಲ್ಲೂ ಸರಪಳಿ ಕವಚದ ಕೊಂಡಿಗಳು, ಬಟ್ಟೆಯ ಮಡಿಕೆ ಕಾಣುವಂತೆ ಮಾಡುತ್ತಿದ್ದರು. ಆ ಕಾಲಕ್ಕೆ ಅಷ್ಟು ನಾಜೂಕು ಕೆಲಸ ಅಪರೂಪ.

ಆ ಇಸವಿ ಮೂಲ ಶಿಲ್ಪದ್ದು, ಎರಕ ಹೊಯ್ದ ವರ್ಷ ಅಲ್ಲ. ದುಂಡನೆಯ ರಬ್ಬರ್ ಅಚ್ಚನ್ನು ಗರಗರ ತಿರುಗಿಸಿ, ನಡುವೆ ಕರಗಿದ ಲೋಹ ಸುರಿಯುತ್ತಾರೆ. ಅದು ಅಂಚಿನವರೆಗೂ ನುಗ್ಗಿ ತುಂಬಿಕೊಳ್ಳುತ್ತದೆ. ಅದೇ ಮೂಲದಿಂದ ಎಷ್ಟೋ ವರ್ಷ ಗೊಂಬೆ ತೆಗೆಯಬಹುದು.

ಆಟಿಕೆಗಳಲ್ಲಿನ ಸೀಸಕ್ಕೆ ನ್ಯೂಯಾರ್ಕ್ ರಾಜ್ಯ ಕಡಿವಾಣ ಹಾಕಲು ಹೊರಟಾಗ, 1993ರಲ್ಲಿ ಕಂಪನಿ ಸೀಸ ಬೆರೆತ ಲೋಹ ಬಿಟ್ಟು, ತವರವೇ ಹೆಚ್ಚಿರುವ ಸೀಸವಿಲ್ಲದ ಮಿಶ್ರಲೋಹ ‘ರಾಲಿಡಿಯಂ’ಗೆ ಬದಲಾಯಿತು. ತವರ ದುಬಾರಿ, ಹಾಗಾಗಿ ಬೆಲೆಯೂ ಏರಿತು.

ಬಣ್ಣವಿಲ್ಲದ ತಳವನ್ನು ಬಿಳಿ ಕಾಗದಕ್ಕೆ ಉಜ್ಜಿ ನೋಡಿ. ಪೆನ್ಸಿಲ್ ಥರ ಬೂದು ಗೆರೆ ಬಿದ್ದರೆ ಸೀಸ ಜಾಸ್ತಿ ಇದೆ ಅಂತಲೇ ಇಟ್ಟುಕೊಳ್ಳಿ. ಮುಟ್ಟಿದ ಮೇಲೆ ಕೈ ತೊಳೀರಿ, ಮಕ್ಕಳ ಕೈಗೆ ಕೊಡಬೇಡಿ, ಒದ್ದೆ ಮಾಡದೆ ಅರದಿಂದ ಉಜ್ಜಲೇಬೇಡಿ. ಮರದ ಪೆಟ್ಟಿಗೆಯೂ ಬೇಡ. ಮರದಿಂದ ಬರುವ ಆಮ್ಲದ ಆವಿಗೆ ಸೀಸ ಬಿಳಿ ಪುಡಿಯಾಗಿ ಉದುರುತ್ತದೆ.

ಹಳೇ ಕಂಪನಿ ಈಗಿಲ್ಲ. ಆದರೆ ಅಲ್ಲಿ ಕೆಲಸ ಮಾಡಿದವರೇ 2001ರಲ್ಲಿ ಸಿನ್ಸಿನಾಟಿಯಲ್ಲೇ ಐರನ್ ವಿಂಡ್ ಮೆಟಲ್ಸ್ ಶುರು ಮಾಡಿದರು.