ಅಮೆರಿಕದ ಕಪ್ಪು ಜನರ ಬಗ್ಗೆ ಪ್ರಬಂಧವೇ? ಸಂಬಳ ಬಿಡಿ, ಮನೆಯಿಂದ ಶುರು ಮಾಡಿ

ಸಮಾಜಶಾಸ್ತ್ರ ಎಂ.ಎ. ಓದುತ್ತಿದ್ದೀನಿ, ಅಮೆರಿಕದ ನಗರಗಳ ಕಪ್ಪು ಜನರ ಆರ್ಥಿಕ ಸ್ಥಿತಿ ಬಗ್ಗೆ ಪ್ರಬಂಧ ಬರೆಯಬೇಕು ಅಂತ ಹೇಳಿದ್ದೀರಿ. ಕಾನೂನು ಎಲ್ಲರಿಗೂ ಒಂದೇ ಅಂತಾಗಿ ಸುಮಾರು ಅರವತ್ತು ವರ್ಷ ಆಯಿತು, ಆದರೂ ಅಂತರ ಯಾಕೆ ಹೋಗಿಲ್ಲ, ಸಂಬಳದ ಅಂಕಿಅಂಶದಿಂದ ಶುರು ಮಾಡಲಾ ಅಂತ ನಿಮ್ಮ ಪ್ರಶ್ನೆ. ನನ್ನ ಕೇಳಿದರೆ ಸಂಬಳ ಬೇಡ. ಮನೆಯಿಂದ ಶುರು ಮಾಡಿ.

ನಾನು ಮೇಷ್ಟ್ರಲ್ಲ. ಬೆಂಗಳೂರಲ್ಲಿ ಕೂತು ಅಮೆರಿಕದವರ ಹೋಮ್ ಲೋನ್ ಅರ್ಜಿಗಳನ್ನು ಪರಿಶೀಲಿಸುವ ಕೆಲಸ ನನ್ನದು, ನೈಟ್ ಶಿಫ್ಟ್. ಆ ಅರ್ಜಿಯಲ್ಲಿ ಜನಾಂಗ ಕೇಳುವ ಒಂದು ಭಾಗ ಇದೆ. ಕಪ್ಪು ಅಥವಾ ಆಫ್ರಿಕನ್ ಅಮೆರಿಕನ್, ಬಿಳಿಯ, ಏಷ್ಯನ್ ಅಂತ ಸಣ್ಣ ಸಣ್ಣ ಚೌಕಗಳು. ಏಷ್ಯನ್ ಕೆಳಗೆ ನಮ್ಮವರಿಗೂ 'ಏಷ್ಯನ್ ಇಂಡಿಯನ್' ಅಂತ ಒಂದು ಚೌಕ. ಹೇಳಲು ಇಷ್ಟವಿಲ್ಲ ಅಂತಲೂ ಟಿಕ್ ಹಾಕಬಹುದು. ಆದರೆ ಅರ್ಜಿದಾರ ಖುದ್ದಾಗಿ ಬ್ಯಾಂಕಿಗೆ ಬಂದು 'ಹೇಳಲ್ಲ' ಅಂದರೆ, ಎದುರಿಗೆ ಕೂತ ಅಧಿಕಾರಿಯೇ ಮುಖ ನೋಡಿ ಅಥವಾ ಸರ್‌ನೇಮ್ ನೋಡಿ ತುಂಬಬೇಕು. ನೋಡಿ ತುಂಬಿದ್ದು ಅಂತ ಪಕ್ಕದಲ್ಲಿ ಗುರುತೂ ಹಾಕಬೇಕು.

ಸಾಲಕ್ಕೂ ಬಣ್ಣಕ್ಕೂ ಏನು ಸಂಬಂಧ ಅಂತ ಕೆಲಸಕ್ಕೆ ಹೊಸದಾಗಿ ಸೇರಿದವರೆಲ್ಲ ಕೇಳುತ್ತಾರೆ. ಸಂಬಂಧ ಇರಬಾರದು ಅಂತಲೇ ಆ ಭಾಗ ಇರುವುದು. ಅದನ್ನು ನೋಡಿ ಸಾಲ ಕೊಡುವ ಹಾಗೂ ಇಲ್ಲ, ಬಿಡುವ ಹಾಗೂ ಇಲ್ಲ. ಯಾರಿಗೆ ಕೊಟ್ಟಿರಿ, ಯಾರಿಗೆ ಇಲ್ಲ ಅಂದಿರಿ ಅಂತ ಸರ್ಕಾರಕ್ಕೆ ಲೆಕ್ಕ ಒಪ್ಪಿಸಬೇಕು, ಅದಕ್ಕೆ.

ಈಗ ಸಂಬಳ ಯಾಕೆ ಬೇಡ ಅನ್ನುವುದಕ್ಕೆ ಬರೋಣ. ಮನೆಮಂದಿಯೆಲ್ಲ ಸೇರಿ ದುಡಿಯುವ ವರ್ಷದ ಆದಾಯ ನೋಡಿದರೆ ಬಿಳಿಯರಿಗೂ ಕಪ್ಪು ಜನರಿಗೂ ಎರಡು ಪಟ್ಟಿನ ಅಂತರವೂ ಇಲ್ಲ. ಆಸ್ತಿ ನೋಡಿ. ಅಮೆರಿಕದ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್‌ನ 2022ರ ಸಮೀಕ್ಷೆ ಪ್ರಕಾರ, ಬಿಳಿಯ ಕುಟುಂಬಗಳನ್ನು ಆಸ್ತಿಯ ಲೆಕ್ಕದಲ್ಲಿ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವ ಕುಟುಂಬದ ಆಸ್ತಿ 2,85,000 ಡಾಲರ್. ಕಪ್ಪು ಕುಟುಂಬದ್ದು 44,900. ಆರು ಪಟ್ಟಿಗೂ ಜಾಸ್ತಿ. ಸಂಬಳ ಈ ವರ್ಷದ್ದು, ಆಸ್ತಿ ಅಜ್ಜನ ಕಾಲದಿಂದ ಬಂದದ್ದು. ಅಮೆರಿಕದ ಮಧ್ಯಮ ವರ್ಗಕ್ಕೆ ಆಸ್ತಿ ಅಂದರೆ ಬಹುಪಾಲು ವಾಸದ ಮನೆಯೇ.

ಕಪ್ಪು ಜನರ ಸ್ಥಿತಿಯನ್ನು ಮನೆ ಮನೆ ಸುತ್ತಿ ಅಳೆದ ಮೊದಲಿಗರಲ್ಲಿ ಒಬ್ಬರು ಸಮಾಜಶಾಸ್ತ್ರಜ್ಞ ಡಬ್ಲ್ಯೂ.ಇ.ಬಿ. ಡು ಬೊಯಿಸ್. 1896ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಫಿಲಡೆಲ್ಫಿಯಾದ ಏಳನೇ ವಾರ್ಡಿನ ಅಧ್ಯಯನಕ್ಕೆ ಅವರನ್ನು ಕರೆಸಿತು. ಹಾರ್ವರ್ಡ್‌ನಲ್ಲಿ ಪಿಎಚ್.ಡಿ. ಪಡೆದ ಮೊದಲ ಕಪ್ಪು ವ್ಯಕ್ತಿ ಅವರು. ಆದರೂ ಪಾಠ ಮಾಡುವ ಅವಕಾಶ ಕೊಡಲಿಲ್ಲ, ವರ್ಷಕ್ಕೆ 900 ಡಾಲರ್ ಕೊಟ್ಟು ಸುಮ್ಮನಾದರು. ಗಂಡ ಹೆಂಡತಿ ಅದೇ ಬಡಾವಣೆಯಲ್ಲಿ ಕೋಣೆ ಹಿಡಿದರು. ಡು ಬೊಯಿಸ್ ಸುಮಾರು 2,500 ಮನೆಗಳ ಬಾಗಿಲು ತಟ್ಟಿದರು. ತಮ್ಮನ್ನು ಹೀಗೆ ಅಳೆಯಲು ಬಂದವನ ಮೇಲೆ ಅಲ್ಲಿಯ ಜನರಿಗೂ ಅನುಮಾನವೇ ಇತ್ತು. 1899ರಲ್ಲಿ ವರದಿ ಪ್ರಕಟವಾಯಿತು. ಕಪ್ಪು ಜನ ಕೆಟ್ಟ ಮನೆಗೆ ಜಾಸ್ತಿ ಬಾಡಿಗೆ ಕೊಡುತ್ತಿದ್ದರು. ಮನೆಗೆಲಸ ಮಾಡುವವರು ಯಜಮಾನರ ಬೀದಿಯ ಹತ್ತಿರವೇ ಇರಬೇಕಿತ್ತು. ಬಾಡಿಗೆ ಹೊಂದಿಸಲು ಇದ್ದ ಮನೆಯಲ್ಲೇ ಬೇರೆಯವರನ್ನೂ ಇಟ್ಟುಕೊಳ್ಳುತ್ತಿದ್ದರು. ಕಾರ್ಮಿಕ ಸಂಘಗಳು ಸೇರಿಸಿಕೊಳ್ಳದ ಕಾರಣ ಕಸುಬಿನ ಕೆಲಸಗಳು ಸಿಗುತ್ತಿರಲಿಲ್ಲ. ತಪ್ಪು ಆ ಜನರ ಗುಣದಲ್ಲೇ ಇದೆ ಅಂತ ನಂಬಿದ್ದ ಊರಿಗೆ ಅವರು ಕೊಟ್ಟ ಉತ್ತರ ಇದು.

ಮುಂದೆ 1910ರ ದಶಕದಿಂದ 1970ರ ಹೊತ್ತಿಗೆ ಸುಮಾರು 60 ಲಕ್ಷ ಕಪ್ಪು ಜನ ದಕ್ಷಿಣದ ಹೊಲಗಳನ್ನು ಬಿಟ್ಟು ಷಿಕಾಗೊ, ಡೆಟ್ರಾಯ್ಟ್, ನ್ಯೂಯಾರ್ಕ್ ಕಡೆ ಬಂದರು. ಅದೇ ಹೊತ್ತಿನಲ್ಲಿ ಸರ್ಕಾರ ಮನೆ ಸಾಲದ ಲೋಕವನ್ನೇ ಬದಲಿಸುತ್ತಿತ್ತು. ಅದಕ್ಕೂ ಮುಂಚೆ ಮನೆ ಕೊಳ್ಳಲು ಅರ್ಧ ದುಡ್ಡು ಕೈಯಲ್ಲಿರಬೇಕಿತ್ತು, ಉಳಿದದ್ದನ್ನು ಕೆಲವೇ ವರ್ಷಗಳಲ್ಲಿ ತೀರಿಸಬೇಕಿತ್ತು. 1934ರಲ್ಲಿ ಬಂದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಸಾಲಕ್ಕೆ ವಿಮೆ ಕೊಟ್ಟಿತು. ಬ್ಯಾಂಕಿಗೆ ಭಯ ಹೋಯಿತು. ಕಡಿಮೆ ಮುಂಗಡ, ಇಪ್ಪತ್ತು ಮೂವತ್ತು ವರ್ಷದ ಕಂತು ಬಂತು. ಆದರೆ ಕಪ್ಪು ಜನರ ನೆರೆಹೊರೆ ಇದ್ದರೆ ಅದೇ ಒಂದು ಅಪಾಯ ಅಂತ ಆ ಸಂಸ್ಥೆಯ ಲೆಕ್ಕ. ಡೆಟ್ರಾಯ್ಟ್‌ನಲ್ಲಿ ಒಬ್ಬ ಬಿಲ್ಡರ್ ಬಿಳಿಯರಿಗಾಗಿ ಬಡಾವಣೆ ಮಾಡಲು ಹೊರಟ. ಪಕ್ಕದಲ್ಲೇ ಕಪ್ಪು ಜನರ ಮನೆಗಳಿವೆ, ವಿಮೆ ಕೊಡಲ್ಲ ಅಂದರು. 1941ರಲ್ಲಿ ಆತ ನಡುವೆ ಆರಡಿ ಎತ್ತರದ, ಅರ್ಧ ಮೈಲಿ ಉದ್ದದ ಗೋಡೆ ಎಬ್ಬಿಸಿದ. ವಿಮೆ ಸಿಕ್ಕಿತು. ಆ ಗೋಡೆ ಇವತ್ತಿಗೂ ಇದೆ, ಈಗ ಅದರ ಮೇಲೆ ಚಿತ್ರ ಬರೆದಿದ್ದಾರೆ.

ಕೆಂಪು ನಕ್ಷೆಗಳ ಬಗ್ಗೆ ನೀವು ಖಂಡಿತ ಓದುತ್ತೀರಿ. 1930ರ ದಶಕದಲ್ಲಿ ಹೋಮ್ ಓನರ್ಸ್ ಲೋನ್ ಕಾರ್ಪೊರೇಷನ್ ಅನ್ನುವ ಸರ್ಕಾರಿ ಸಂಸ್ಥೆ 200ಕ್ಕೂ ಹೆಚ್ಚು ನಗರಗಳ ಬಡಾವಣೆಗಳನ್ನು ಹಸಿರು, ನೀಲಿ, ಹಳದಿ, ಕೆಂಪು ಅಂತ ವಿಂಗಡಿಸಿತ್ತು. ಹಸಿರು ಅಂದರೆ ಸಾಲಕ್ಕೆ ಒಳ್ಳೇ ಜಾಗ, ಕೆಂಪು ಅಂದರೆ ಅಪಾಯ. ಕಪ್ಪು ಜನರ ಬಡಾವಣೆ ಅಂದರೆ ಹೆಚ್ಚುಕಮ್ಮಿ ಎಲ್ಲ ಕಡೆ ಕೆಂಪು. ಯೂಟ್ಯೂಬ್ ನೋಡಿದರೆ ಎಲ್ಲ ಅನಾಹುತಕ್ಕೂ ಈ ನಕ್ಷೆಯೇ ಕಾರಣ ಅನ್ನಿಸುತ್ತದೆ. ಅಷ್ಟು ಸುಲಭ ಇಲ್ಲ. ನಕ್ಷೆ ಬರೆಸಿದ ಸಂಸ್ಥೆ ಕೆಂಪು ಜಾಗಗಳಲ್ಲೂ ಸಾಲ ಕೊಟ್ಟಿತ್ತು ಅಂತ ಕೆಲವು ಸಂಶೋಧಕರು ತೋರಿಸಿದ್ದಾರೆ. ಆದರೆ ನಕ್ಷೆಯ ಗೆರೆಯ ಆಚೆ ಈಚೆ ಮುಂದೆ ಅಂತರ ಬೆಳೆಯಿತು ಅಂತ ಷಿಕಾಗೊ ಫೆಡರಲ್ ರಿಸರ್ವ್ ಬ್ಯಾಂಕಿನ ಅರ್ಥಶಾಸ್ತ್ರಜ್ಞರು ತೋರಿಸಿದ್ದಾರೆ. ನನಗೆ ಅನ್ನಿಸುವುದು, ಜಾಸ್ತಿ ಪೆಟ್ಟು ಕೊಟ್ಟಿದ್ದು ವಿಮೆ ಕೊಡದೆ ಹೋದ ಇಲಾಖೆ. ನಕ್ಷೆ ನೋಡಲು ಚೆನ್ನಾಗಿದೆ, ಅದಕ್ಕೇ ಎಲ್ಲರೂ ಅದನ್ನೇ ಹಂಚುತ್ತಾರೆ.

ಬ್ಯಾಂಕ್ ಸಾಲ ಇಲ್ಲ ಅಂದಾಗ ಏನು ಮಾಡಿದರು? ಷಿಕಾಗೊದ ನಾರ್ತ್ ಲಾನ್‌ಡೇಲ್ ಕಥೆ ಓದಿ. ಪ್ರಬಂಧದಲ್ಲಿ ಒಂದೇ ಅಧ್ಯಾಯಕ್ಕೆ ಜಾಗ ಇದ್ದರೆ ಇದನ್ನೇ ಇಡಿ. 'ಕಪ್ಪು ಜನ ಬರುತ್ತಿದ್ದಾರೆ, ರೇಟು ಬೀಳುತ್ತೆ' ಅಂತ ಹೆದರಿಸಿ ದಲ್ಲಾಳಿಗಳು ಬಿಳಿಯರಿಂದ ಮನೆಗಳನ್ನು ಅಗ್ಗಕ್ಕೆ ಕೊಳ್ಳುತ್ತಿದ್ದರು. ಅದೇ ಮನೆಯನ್ನು ಕಪ್ಪು ಕುಟುಂಬಕ್ಕೆ ಹೆಚ್ಚುಕಮ್ಮಿ ದುಪ್ಪಟ್ಟು ಬೆಲೆಗೆ, ಕಂತಿನ ಕರಾರಿನ ಮೇಲೆ ಕೊಡುತ್ತಿದ್ದರು. ಮುಂಗಡ, ತೆರಿಗೆ, ರಿಪೇರಿ ಎಲ್ಲ ಕೊಂಡವನ ತಲೆಗೆ. ಕ್ರಯಪತ್ರ ಮಾತ್ರ ಕೊನೇ ಕಂತು ಮುಟ್ಟುವವರೆಗೂ ಮಾರಿದವನ ಹೆಸರಲ್ಲೇ. ಹತ್ತು ವರ್ಷ ಕಟ್ಟಿ ಒಂದು ಕಂತು ತಪ್ಪಿದರೂ ಮನೆ ಹೋಯಿತು, ಕಟ್ಟಿದ ದುಡ್ಡೂ ಹೋಯಿತು. ಖಾಲಿ ಮಾಡಿಸಿ ಅದೇ ಮನೆಯನ್ನು ಇನ್ನೊಬ್ಬರಿಗೆ ಮಾರುತ್ತಿದ್ದರು. ಕಂತು ತಪ್ಪಬಾರದು ಅಂತ ಗಂಡ ಹೆಂಡತಿ ಇಬ್ಬರೂ ಎರಡೆರಡು ಕೆಲಸ ಮಾಡುತ್ತಿದ್ದರು, ಮನೆಯಲ್ಲಿ ಬಾಡಿಗೆಯವರನ್ನು ತುಂಬಿಸಿಕೊಳ್ಳುತ್ತಿದ್ದರು. ಬಡಾವಣೆ ಹಾಳಾಗಲು ಅಷ್ಟು ಸಾಕಲ್ವಾ? 1968ರಲ್ಲಿ ಅಲ್ಲಿಯ ಜನ ಕಾಂಟ್ರಾಕ್ಟ್ ಬಯರ್ಸ್ ಲೀಗ್ ಕಟ್ಟಿಕೊಂಡು ಕಂತು ಕಟ್ಟುವುದನ್ನೇ ನಿಲ್ಲಿಸಿದರು. ಪೊಲೀಸರು ಸಾಮಾನು ಬೀದಿಗೆ ಹಾಕಿದರೆ ಅಕ್ಕಪಕ್ಕದವರು ಸೇರಿ ಮತ್ತೆ ಒಳಗೆ ಇಡುತ್ತಿದ್ದರು. ನೂರಾರು ಕರಾರುಗಳನ್ನು ಬದಲಿಸಿಕೊಂಡರು, ಕೋರ್ಟಿನಲ್ಲಿ ಮಾತ್ರ ಸೋತರು. ಈ ಕರಾರುಗಳಿಂದ 1950 ಮತ್ತು 60ರ ದಶಕಗಳಲ್ಲಿ ಷಿಕಾಗೊದ ಕಪ್ಪು ಕುಟುಂಬಗಳು ಕಳೆದುಕೊಂಡದ್ದು ಇವತ್ತಿನ ಲೆಕ್ಕದಲ್ಲಿ 300ರಿಂದ 400 ಕೋಟಿ ಡಾಲರ್ ಅಂತ ಡ್ಯೂಕ್ ವಿಶ್ವವಿದ್ಯಾಲಯದ ಕೇಂದ್ರವೊಂದು 2019ರಲ್ಲಿ ಅಂದಾಜು ಮಾಡಿತು.

ಅದೇ 1968ರ ಏಪ್ರಿಲ್‌ನಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಒಂದು ವಾರಕ್ಕೆ, ಮನೆ ವಿಷಯದಲ್ಲಿ ತಾರತಮ್ಯ ಮಾಡಬಾರದು ಅಂತ ಕಾನೂನು ಬಂತು. ನೀವು ಹೇಳುವ 'ಕಾನೂನು ಒಂದೇ' ಅನ್ನುವ ಕಾಲ ಮನೆ ಮಟ್ಟಿಗೆ ಶುರುವಾಗಿದ್ದು ಆಗ. ಕಳೆದುಕೊಂಡ ಮನೆಗಳನ್ನು ಆ ಕಾನೂನು ವಾಪಸ್ ಕೊಡಲಿಲ್ಲ. ಬ್ಯಾಂಕುಗಳೂ ಒಂದೇ ದಿನಕ್ಕೆ ಬದಲಾಗಲಿಲ್ಲ. 1988ರಲ್ಲಿ ಅಟ್ಲಾಂಟಾದ ಪತ್ರಿಕೆಯೊಂದು, ಅಲ್ಲಿಯ ಬ್ಯಾಂಕುಗಳು ಒಂದೇ ಮಟ್ಟದ ಆದಾಯ ಇದ್ದರೂ ಬಿಳಿಯರ ಬಡಾವಣೆಗೆ ಎಷ್ಟು ಜಾಸ್ತಿ ಸಾಲ ಕೊಡುತ್ತವೆ ಅಂತ ಲೆಕ್ಕ ಸಮೇತ ಬರೆಯಿತು. ಮರುವರ್ಷ ಕಾನೂನು ತಿದ್ದಿ, ಪ್ರತಿ ಅರ್ಜಿದಾರನ ಜನಾಂಗ ಬರೆದುಕೊಳ್ಳಬೇಕು ಅಂದರು. ಬ್ಯಾಂಕಿನವರು 'ಕ್ರೆಡಿಟ್ ಹಿಸ್ಟರಿ ನೋಡದೆ ನಮ್ಮನ್ನು ಬೈಯಬೇಡಿ' ಅಂದರು, ಅದೂ ನ್ಯಾಯವೇ. ಬಾಸ್ಟನ್ನಿನ ಫೆಡರಲ್ ರಿಸರ್ವ್ ಬ್ಯಾಂಕ್ ಅಂಥ 38 ವಿವರಗಳನ್ನು ಹೆಚ್ಚುವರಿಯಾಗಿ ಕಲೆಹಾಕಿತು. ಕಪ್ಪು ಮತ್ತು ಹಿಸ್ಪಾನಿಕ್ (ಸ್ಪ್ಯಾನಿಷ್ ಮಾತಾಡುವ ದೇಶಗಳ ಮೂಲದ) ಅರ್ಜಿದಾರರಲ್ಲಿ ಶೇ. 28 ಮಂದಿಗೆ ಸಾಲ ಇಲ್ಲ ಅಂದಿದ್ದರು, ಬಿಳಿಯರಲ್ಲಿ ಶೇ. 10. ಎಲ್ಲ ವಿವರ ಸೇರಿಸಿ ತೂಗಿದ ಮೇಲೂ ಸುಮಾರು 8 ಶೇಕಡಾ ಅಂಶಗಳ ಅಂತರ ಉಳಿಯಿತು. ಆಮೇಲೆ ಉಲ್ಟಾ ಕಾಲವೂ ಬಂತು. ಸಾಲ ಕೊಟ್ಟರು, ಆದರೆ ದುಬಾರಿಯಾಗಿ. ಮನೆ ಸಾಲ ಕೊಡುತ್ತಿದ್ದ ಕಂಟ್ರಿವೈಡ್ ಕಂಪನಿ ಕಪ್ಪು ಮತ್ತು ಹಿಸ್ಪಾನಿಕ್ ಸಾಲಗಾರರಿಂದ ಜಾಸ್ತಿ ವಸೂಲಿ ಮಾಡಿತು ಅನ್ನುವ ಕೇಸು 2011ರಲ್ಲಿ 33.5 ಕೋಟಿ ಡಾಲರ್‌ಗೆ ರಾಜಿಯಾಯಿತು.

ಕೆಲಸದ ವಿಷಯ ಪೂರ್ತಿ ಬಿಡಿ ಅನ್ನುತ್ತಿಲ್ಲ. ಒಂದನ್ನಾದರೂ ಸೇರಿಸಿ. ಡೆವಾ ಪೇಜರ್ ಅನ್ನುವ ಸಮಾಜಶಾಸ್ತ್ರಜ್ಞೆ ಮಿಲ್ವಾಕಿಯಲ್ಲಿ ಇಬ್ಬರು ಬಿಳಿಯ, ಇಬ್ಬರು ಕಪ್ಪು ಯುವಕರನ್ನು 350 ಕಡೆ ಕೆಲಸ ಕೇಳಲು ಕಳಿಸಿದರು. ವಿದ್ಯೆ, ಅನುಭವ ಒಂದೇ ಥರ. ಜೋಡಿಯಲ್ಲಿ ಒಬ್ಬ ಸರದಿ ಮೇಲೆ 'ಜೈಲಿಗೆ ಹೋಗಿದ್ದೆ' ಅಂತ ಹೇಳಬೇಕು. ಜೈಲು ಕಂಡ ಬಿಳಿಯನಿಗೆ ಶೇ. 17 ಕಡೆಯಿಂದ ಮತ್ತೆ ಕರೆ ಬಂತು. ಜೈಲೇ ಕಾಣದ ಕಪ್ಪು ಯುವಕನಿಗೆ ಶೇ. 14. ಹೆಸರು ಮಾತ್ರ ಬದಲಿಸಿ ಅರ್ಜಿ ಹಾಕುವ ಇನ್ನೊಂದು ವಿಧಾನ ನಮ್ಮಲ್ಲಿಗೂ ಬಂದಿದೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಭಾರತದ ಖಾಸಗಿ ಕಂಪನಿಗಳಿಗೆ ಹೀಗೆ ಅರ್ಜಿ ಹಾಕಿ ನೋಡಿ, 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ದಲಿತ, ಮುಸ್ಲಿಂ ಹೆಸರುಗಳಿಗೆ ಕರೆ ಕಡಿಮೆ ಬಂತು. ಹೋಲಿಕೆ ಬೇಕಿದ್ದರೆ ಇದು ಗಟ್ಟಿಯಾದದ್ದು. ಅಂಬೇಡ್ಕರ್ 1946ರಲ್ಲಿ ಡು ಬೊಯಿಸ್‌ಗೆ ಪತ್ರ ಬರೆದಿದ್ದರು ಅನ್ನುವುದೂ ನಿಮ್ಮ ಗೈಡ್‌ಗೆ ಇಷ್ಟವಾಗಬಹುದು. ಆದರೆ ಅದರ ಮೇಲೆ ಹತ್ತು ಪುಟ ಎಳೆಯಬೇಡಿ.

ದತ್ತಾಂಶಕ್ಕೆ ದುಡ್ಡು ಕೊಡಬೇಕಿಲ್ಲ. ರಿಚ್‌ಮಂಡ್ ವಿಶ್ವವಿದ್ಯಾಲಯ ಹಳೇ ನಕ್ಷೆಗಳನ್ನೆಲ್ಲ ಆನ್‌ಲೈನ್‌ನಲ್ಲಿ ಇಟ್ಟಿದೆ. ಸಾಲದ ಅರ್ಜಿಗಳ ಲೆಕ್ಕ ಪ್ರತಿ ವರ್ಷ ಸರ್ಕಾರವೇ ಬಿಡುಗಡೆ ಮಾಡುತ್ತದೆ. ಇಡೀ ದೇಶದ ಫೈಲ್ ಇಳಿಸಿಕೊಳ್ಳಲು ಹೋಗಬೇಡಿ, ಎಕ್ಸೆಲ್ ಕೈಚೆಲ್ಲುತ್ತದೆ. ಒಂದು ಕೌಂಟಿ (ನಮ್ಮ ಜಿಲ್ಲೆ ಇದ್ದ ಹಾಗೆ), ಒಂದು ವರ್ಷ ಆರಿಸಿಕೊಳ್ಳಿ. ಅದರಲ್ಲಿ ಆದಾಯ ಇರುತ್ತದೆ, ಸಾಲದ ಮೊತ್ತ ಇರುತ್ತದೆ, ಇಲ್ಲ ಅಂದಿದ್ದರೆ ಕಾರಣವೂ ಇರುತ್ತದೆ. ಕ್ರೆಡಿಟ್ ಸ್ಕೋರ್ ಮಾತ್ರ ಇರುವುದಿಲ್ಲ. ಬ್ಯಾಂಕುಗಳು ಅದನ್ನೂ ಸರ್ಕಾರಕ್ಕೆ ಕಳಿಸುತ್ತವೆ, ಹೊರಗೆ ಬಿಡುವಾಗ ತೆಗೆದುಬಿಡುತ್ತಾರೆ. ಹಾಗಾಗಿ 'ಬ್ಯಾಂಕ್ ತಾರತಮ್ಯ ಮಾಡಿತು' ಅಂತ ಬರೆಯಬೇಡಿ. 'ಒಂದೇ ಆದಾಯದವರಲ್ಲಿ ಇಷ್ಟು ಅಂತರ ಕಾಣುತ್ತದೆ' ಅಂತ ಬರೆಯಿರಿ. ವೈವಾದಲ್ಲಿ ಇದನ್ನೇ ಕೇಳುತ್ತಾರೆ.